ಕಣಭೌತವಿಜ್ಞಾನದಿಂದ ಇಂಧನ ನೀತಿಗೆ: ಆರ್ಥರ್ ರೋಸೆನ್‌ಫೆಲ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಉಳಿತಾಯದ ಮಾತು ಬಂದಾಗಲೆಲ್ಲ ಅಮೆರಿಕದ ಆರ್ಥರ್ ರೋಸೆನ್‌ಫೆಲ್ಡ್ ಹೆಸರು ಕೇಳಿಬರುತ್ತದೆ. ಅದರ ಬೆನ್ನಿಗೇ ಕೆಲವು ಪ್ರಶ್ನೆಗಳೂ ಬರುತ್ತವೆ. ಅವುಗಳಿಗೆ ಇಲ್ಲಿ ಒಂದೇ ಕಡೆ ಉತ್ತರಿಸಲಾಗಿದೆ. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ನಾಲ್ಕೇ ಸಾಲಿನಲ್ಲಿ ಮುಗಿದಿವೆ.

ಯಾರು ಈ ರೋಸೆನ್‌ಫೆಲ್ಡ್?

ಹುಟ್ಟಿದ್ದು 1926ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ. ತೀರಿಕೊಂಡದ್ದು 2017ರ ಜನವರಿಯಲ್ಲಿ, ತೊಂಬತ್ತು ತುಂಬಿದ ಮೇಲೆ. ಆ ತೊಂಬತ್ತು ವರ್ಷಗಳಲ್ಲಿ ಮೊದಲ ಅರ್ಧ ಕಣಭೌತವಿಜ್ಞಾನಕ್ಕೆ ಹೋಯಿತು. ಉಳಿದ ಅರ್ಧ ಫ್ರಿಜ್, ಟ್ಯೂಬ್‌ಲೈಟು, ಕಿಟಕಿ ಗಾಜು, ತಾರಸಿ, ವಿದ್ಯುತ್ ಮೀಟರುಗಳ ಹಿಂದೆ ಹೋಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, ಕೊನೆಗೆ ಅದೇ ರಾಜ್ಯದ ಇಂಧನ ಆಯೋಗದ ಸದಸ್ಯರಾದರು. ಜೊತೆಯವರಿಗೆಲ್ಲ ಅವರು ಬರೀ ‘ಆರ್ಟ್’.

ಅವರು ಫರ್ಮಿಯ ಕೊನೆಯ ಶಿಷ್ಯ ಎನ್ನುವುದು ನಿಜವೇ?

ಹಾಗೆಂದು ಹಲವು ಕಡೆ ಬರೆದಿದ್ದಾರೆ. ಹೆಸರಾಂತ ಪರಮಾಣು ಭೌತವಿಜ್ಞಾನಿ ಎನ್ರಿಕೊ ಫರ್ಮಿ ತೀರಿಕೊಂಡದ್ದು 1954ರ ನವೆಂಬರ್‌ನಲ್ಲಿ. ರೋಸೆನ್‌ಫೆಲ್ಡ್ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದೂ ಅದೇ ವರ್ಷ. ಕೊನೆಯ ಶಿಷ್ಯರಲ್ಲಿ ಒಬ್ಬರು ಎಂದರೆ ಯಾರ ತಕರಾರೂ ಇರುವುದಿಲ್ಲ. ಫರ್ಮಿಯ ಪರಮಾಣು ಬೀಜ ಭೌತವಿಜ್ಞಾನದ ಪಾಠಗಳನ್ನು ತರಗತಿಯಲ್ಲಿ ಬರೆದುಕೊಂಡು ಪುಸ್ತಕರೂಪಕ್ಕೆ ತಂದ ಮೂವರು ವಿದ್ಯಾರ್ಥಿಗಳಲ್ಲಿ ಇವರೂ ಒಬ್ಬರು. ಒಂದು ತಲೆಮಾರಿನ ವಿದ್ಯಾರ್ಥಿಗಳು ಅದನ್ನು ಓದಿಯೇ ಬೆಳೆದರು.

ಇಲ್ಲಿ ಮುಖ್ಯವಾದದ್ದು ಫರ್ಮಿಯಿಂದ ಬಂದ ಒಂದು ಅಭ್ಯಾಸ. ಷಿಕಾಗೊ ನಗರದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟು ಜನ ಇರಬಹುದು ಎಂದು ಫರ್ಮಿ ಕೇಳುತ್ತಿದ್ದರಂತೆ. ಕೈಯಲ್ಲಿ ಯಾವ ಅಂಕಿಅಂಶವೂ ಇಲ್ಲದೆ, ಗೊತ್ತಿರುವ ನಾಲ್ಕು ಸಂಗತಿಗಳನ್ನು ಗುಣಿಸಿ ಭಾಗಿಸಿ, ನಿಜಕ್ಕೆ ಹತ್ತಿರದ ಉತ್ತರ ತೆಗೆಯಬೇಕು. ಮುಂದೆ ರೋಸೆನ್‌ಫೆಲ್ಡ್ ಸರ್ಕಾರದ ಮುಂದೆ, ಕಂಪನಿಗಳ ಮುಂದೆ ಮಾಡಿದ್ದೆಲ್ಲ ಈ ಬಗೆಯ ಲೆಕ್ಕವೇ.

ಭೌತವಿಜ್ಞಾನದಲ್ಲಿ ಹೆಸರು ಮಾಡಲಾಗದೆ ಈ ಕಡೆ ಬಂದರೇ?

ಇಲ್ಲ. ಈ ಅನುಮಾನಕ್ಕೆ ಬುಡವೇ ಇಲ್ಲ. ಬರ್ಕ್ಲಿಯಲ್ಲಿ ಅವರು ಸೇರಿದ್ದು ಲೂಯಿ ಆಲ್ವಾರೆಜ್ ಅವರ ತಂಡವನ್ನು. ದ್ರವ ಹೈಡ್ರೋಜನ್ ತುಂಬಿದ ಬಬಲ್ ಚೇಂಬರಿನಲ್ಲಿ ಕಣಗಳು ಹಾದುಹೋದ ಜಾಡಿನ ಫೋಟೊ ತೆಗೆದು, ಅವನ್ನು ಅಳೆದು, ಹೊಸ ಕಣಗಳನ್ನು ಗುರುತಿಸುವುದು ಆ ತಂಡದ ಕೆಲಸ. ಫೋಟೊಗಳು ಲಕ್ಷಗಟ್ಟಲೆ. ಅವನ್ನು ಕಂಪ್ಯೂಟರಿಗೆ ಉಣಿಸಿ ವಿಶ್ಲೇಷಿಸುವ ವ್ಯವಸ್ಥೆ ಕಟ್ಟಿದವರಲ್ಲಿ ರೋಸೆನ್‌ಫೆಲ್ಡ್ ಪ್ರಮುಖರು. 1968ರಲ್ಲಿ ಆಲ್ವಾರೆಜ್‌ಗೆ ನೊಬೆಲ್ ಬಂದಾಗ ಪ್ರಶಸ್ತಿಯ ಒಕ್ಕಣೆಯಲ್ಲಿ ಬಬಲ್ ಚೇಂಬರಿನ ಜೊತೆಗೆ ದತ್ತಾಂಶ ವಿಶ್ಲೇಷಣೆಯ ಮಾತೂ ಇತ್ತು.

ಇನ್ನೊಂದು ಕೆಲಸ ಇಂದಿಗೂ ನಡೆಯುತ್ತಿದೆ. 1957ರಲ್ಲಿ ಮರ್ರೆ ಗೆಲ್‌ಮನ್ ಜೊತೆ ಬರೆದ ಲೇಖನವೊಂದಕ್ಕಾಗಿ ರೋಸೆನ್‌ಫೆಲ್ಡ್ ಆವರೆಗೆ ಗೊತ್ತಿದ್ದ ಕಣಗಳ ದ್ರವ್ಯರಾಶಿ, ಆಯುಷ್ಯಗಳ ಪಟ್ಟಿ ಮಾಡಿದರು. ಅದೇ ಬೆಳೆದು, ಕಣಗಳ ಅಳತೆಗಳನ್ನು ಕಲೆಹಾಕಿ ಪ್ರಕಟಿಸುವ ಪಾರ್ಟಿಕಲ್ ಡೇಟಾ ಗ್ರೂಪ್ ಎಂಬ ತಂಡವಾಯಿತು. ಜಗತ್ತಿನ ಯಾವ ಕಣಭೌತವಿಜ್ಞಾನಿಯೂ ಆ ಪಟ್ಟಿಯನ್ನು ತೆರೆಯದೆ ಕೆಲಸ ಮಾಡಲಾರ. ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಕಾರ್ಡಾಗಿಯೂ ಅದು ಮೊದಲಿನಿಂದಲೇ ಅಚ್ಚಾಗುತ್ತಿತ್ತು. ಚದುರಿಬಿದ್ದ ಅಳತೆಗಳನ್ನು ಒಂದೆಡೆ ತಂದು, ಯಾವುದು ನಂಬಬಹುದಾದದ್ದು ಎಂದು ತೀರ್ಮಾನಿಸಿ, ಎಲ್ಲರ ಕೈಗೆ ಕೊಡುವುದು ಅವರಿಗೆ ಒಗ್ಗಿದ ಕೆಲಸ. ಫ್ರಿಜ್‌ಗಳ ವಿಷಯದಲ್ಲಿ ಮುಂದೆ ನಡೆದದ್ದೂ ಇದೇ.

1973ರ ಆ ಶುಕ್ರವಾರದ ಕಥೆ ಏನು?

ಅವರೇ ಬರೆದು ದಾಖಲಿಸಿದ ಕಥೆ ಇದು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಪೆಟ್ರೋಲ್ ಬಂಕ್‌ಗಳ ಮುಂದೆ ಕಾರುಗಳ ಸಾಲು. ನವೆಂಬರ್‌ನ ಒಂದು ಶುಕ್ರವಾರ ಸಂಜೆ ಮನೆಗೆ ಹೊರಟ ರೋಸೆನ್‌ಫೆಲ್ಡ್, ಮರುದಿನ ತಾನೂ ಆ ಸಾಲಿನಲ್ಲಿ ನಿಲ್ಲಬೇಕಲ್ಲ ಎಂದು ಯೋಚಿಸುತ್ತಿರುವಾಗ ತಮ್ಮ ಮಹಡಿಯ ಇಪ್ಪತ್ತು ಕೊಠಡಿಗಳ ದೀಪಗಳೂ ಉರಿಯುತ್ತಿರುವುದನ್ನು ಗಮನಿಸಿದರು. ಸೋಮವಾರದವರೆಗೆ ಅವು ಉರಿಯುತ್ತಲೇ ಇರುತ್ತಿದ್ದವು. ಆರಿಸುವ ರೂಢಿ ಯಾರಿಗೂ ಇರಲಿಲ್ಲ, ಅವರಿಗೂ ಇರಲಿಲ್ಲ.

ಅವರು ಮಾಡಿದ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಒಂದು ಕೊಠಡಿಯ ಪಾಲಿಗೆ ಸುಮಾರು 1 ಕಿಲೋವಾಟ್ ದೀಪ ಎಂದಿಟ್ಟುಕೊಳ್ಳಿ. ಶುಕ್ರವಾರ ರಾತ್ರಿಯಿಂದ ಸೋಮವಾರ ಬೆಳಗಿನವರೆಗೆ ಸುಮಾರು 60 ಗಂಟೆ, ಅಂದರೆ 60 ಯೂನಿಟ್. ವಿದ್ಯುತ್ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ ತೆಗೆಯಲು ಹೆಚ್ಚುಕಡಿಮೆ ಮೂರು ಯೂನಿಟ್‌ನಷ್ಟು ಶಾಖದ ಇಂಧನ ಸುಡಬೇಕು. ಅಲ್ಲಿಗೆ 180 ಆಯಿತು. ಒಂದು ಗ್ಯಾಲನ್ ಪೆಟ್ರೋಲಿನಲ್ಲಿ ಸುಮಾರು 36 ಯೂನಿಟ್‌ನಷ್ಟು ಶಾಖ ಇರುತ್ತದೆ. ಭಾಗಿಸಿದರೆ ಕೊಠಡಿಗೆ 5 ಗ್ಯಾಲನ್, ಇಪ್ಪತ್ತು ಕೊಠಡಿಗೆ 100 ಗ್ಯಾಲನ್. ನಮ್ಮ ಅಳತೆಯಲ್ಲಿ 380 ಲೀಟರ್‌ಗೆ ಹತ್ತಿರ. ಒಂದೇ ಮಹಡಿ, ಒಂದೇ ವಾರಾಂತ್ಯ, ಯಾರೂ ಇಲ್ಲದ ಕೊಠಡಿಗಳು.

ಸರಿ, ಆರಿಸೋಣ ಎಂದು ಹೊರಟರೆ ಸ್ವಿಚ್ಚುಗಳೇ ಕಾಣಲಿಲ್ಲ. ಕೆಲವು ಕಡತದ ಬೀರುಗಳ ಹಿಂದೆ, ಕೆಲವು ಪುಸ್ತಕದ ಕಪಾಟಿನ ಹಿಂದೆ, ಕೆಲವು ಪೋಸ್ಟರುಗಳ ಅಡಿಯಲ್ಲಿ ಅಡಗಿದ್ದವು. ಹುಡುಕಿ ಆರಿಸಲು ಇಪ್ಪತ್ತು ನಿಮಿಷ ಹಿಡಿಯಿತು. ನನಗೆ ಈ ಕಥೆಯಲ್ಲಿ ದೀಪಗಳಿಗಿಂತ ಈ ಬೀರುಗಳೇ ಮುಖ್ಯವೆನಿಸುತ್ತವೆ. ಸ್ವಿಚ್ಚಿನ ಮುಂದೆ ಬೀರು ಇಟ್ಟವರು ದೇಶದ್ರೋಹಿಗಳೂ ಅಲ್ಲ, ಸೋಮಾರಿಗಳೂ ಅಲ್ಲ. ವಿದ್ಯುತ್ ಅಷ್ಟು ಅಗ್ಗವಾಗಿತ್ತು, ಸ್ವಿಚ್ಚು ಬೇಕಾಗುತ್ತದೆ ಎಂದೇ ಯಾರಿಗೂ ಅನಿಸಿರಲಿಲ್ಲ. ಅಂಥ ಕಟ್ಟಡದಲ್ಲಿ ‘ದೀಪ ಆರಿಸಿ’ ಎಂಬ ಫಲಕ ತೂಗುಹಾಕಿ ಏನು ಪ್ರಯೋಜನ?

ಒಂದು ಸಂಜೆಯ ಅನುಭವಕ್ಕೆ ಇಡೀ ವೃತ್ತಿಯನ್ನೇ ಬಿಟ್ಟರೇ?

ಆಗ ಅವರಿಗೆ 47 ವರ್ಷ. ಬಿಟ್ಟದ್ದು ಹಂತಹಂತವಾಗಿ. 1974ರ ಬೇಸಿಗೆಯಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಆಶ್ರಯದಲ್ಲಿ ಪ್ರಿನ್ಸ್‌ಟನ್‌ನಲ್ಲಿ ಒಂದು ಅಧ್ಯಯನ ಶಿಬಿರ ನಡೆಯಿತು. ಅದನ್ನು ಮುನ್ನಡೆಸಿದವರಲ್ಲಿ ರೋಸೆನ್‌ಫೆಲ್ಡ್ ಒಬ್ಬರು. ಅಲ್ಲಿ ಸೇರಿದ ಭೌತವಿಜ್ಞಾನಿಗಳು ಕಾರು, ಕಟ್ಟಡ, ಕಾರ್ಖಾನೆಗಳನ್ನು ಒಂದೊಂದಾಗಿ ಎತ್ತಿಕೊಂಡು, ಈ ಕೆಲಸಕ್ಕೆ ಪ್ರಕೃತಿಯ ನಿಯಮಗಳ ಪ್ರಕಾರ ಕನಿಷ್ಠ ಎಷ್ಟು ಶಕ್ತಿ ಸಾಕು, ನಾವು ಎಷ್ಟು ಬಳಸುತ್ತಿದ್ದೇವೆ ಎಂದು ಹೋಲಿಸಿದರು. ಮನೆ ಬೆಚ್ಚಗಿಡುವ ಒಲೆ ಇಂಧನದ ಬಹುಪಾಲನ್ನು ಶಾಖವಾಗಿ ಕೊಡುತ್ತದೆ ಎಂದು ಮಾರುವವರು ಹೇಳುತ್ತಿದ್ದರು. ಉಷ್ಣಗತಿಶಾಸ್ತ್ರದ ಎರಡನೆಯ ನಿಯಮದ ತಕ್ಕಡಿಯಲ್ಲಿ ತೂಗಿದರೆ, ಅಂದರೆ ಆ ಕೆಲಸಕ್ಕೆ ಸಾಕಾಗುವ ಕನಿಷ್ಠ ಶಕ್ತಿಗೆ ಹೋಲಿಸಿದರೆ, ಅದರ ದಕ್ಷತೆ ಶೇಕಡಾ 10ಕ್ಕಿಂತಲೂ ಕಡಿಮೆ.

ಯುರೋಪು, ಜಪಾನಿನ ಜನ ಅಮೆರಿಕದವರಿಗಿಂತ ಎಷ್ಟೋ ಕಡಿಮೆ ಶಕ್ತಿಯಲ್ಲಿ ಚೆನ್ನಾಗಿಯೇ ಬದುಕುತ್ತಿದ್ದರು. ಅವರಷ್ಟು ಮಿತವಾಗಿ ಬಳಸಿದ್ದರೆ 1973ರಲ್ಲಿ ಅಮೆರಿಕ ತೈಲ ಆಮದು ಮಾಡುವ ಬದಲು ರಫ್ತು ಮಾಡುತ್ತಿತ್ತು ಎಂದು ರೋಸೆನ್‌ಫೆಲ್ಡ್ ಮುಂದೆ ಬರೆದರು. ಶಿಬಿರದಿಂದ ವಾಪಸಾದವರು ಬರ್ಕ್ಲಿಯ ಪ್ರಯೋಗಾಲಯದಲ್ಲಿ ಕಟ್ಟಡಗಳ ಇಂಧನ ಬಳಕೆಯ ಬಗ್ಗೆ ಸಂಶೋಧನೆ ಆರಂಭಿಸಿದರು. ಅದೇ ಮುಂದೆ ಸೆಂಟರ್ ಫಾರ್ ಬಿಲ್ಡಿಂಗ್ ಸೈನ್ಸ್ ಎಂಬ ಕೇಂದ್ರವಾಯಿತು. 1994ರವರೆಗೂ ಅವರೇ ಅದರ ಮುಖ್ಯಸ್ಥರು.

ಹಾಗಾದರೆ ಜನ ಸೌಕರ್ಯ ಬಿಟ್ಟು, ಸೆಕೆಯಲ್ಲಿ ಕೂರಬೇಕು ಎನ್ನುವುದೇ ಅವರ ವಾದ?

ಅಲ್ಲ. ಅವರಿಗೆ ಆ ಬಗೆಯ ಉಪದೇಶದಲ್ಲಿ ಆಸಕ್ತಿ ಇರಲಿಲ್ಲ. ಜನರಿಗೆ ಬೇಕಾದದ್ದು ವಿದ್ಯುತ್ತಲ್ಲ, ತಣ್ಣನೆಯ ಹಾಲು, ಓದಲು ಬೆಳಕು, ಹಿತವಾದ ಕೋಣೆ. ಅವನ್ನು ಕಡಿಮೆ ಯೂನಿಟ್‌ನಲ್ಲಿ ಕೊಡುವ ಯಂತ್ರ ಮಾಡುವುದು ಸಾಧ್ಯವೇ? ಸಾಧ್ಯವಾದರೆ ಅದು ಅಂಗಡಿಗೆ ಏಕೆ ಬಂದಿಲ್ಲ? ಅವರ ನಲವತ್ತು ವರ್ಷಗಳ ದುಡಿಮೆ ಈ ಎರಡು ಪ್ರಶ್ನೆಗಳ ಸುತ್ತ ನಡೆಯಿತು.

ಫ್ರಿಜ್‌ನ ಕಥೆಯನ್ನು ಎಲ್ಲರೂ ಏಕೆ ಹೇಳುತ್ತಾರೆ?

ಏಕೆಂದರೆ ಅದರಲ್ಲಿ ಎಲ್ಲವೂ ಇದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಫ್ರಿಜ್ ವರ್ಷಕ್ಕೆ ಕೆಲವೇ ನೂರು ಯೂನಿಟ್ ತಿನ್ನುತ್ತಿತ್ತು. 1974ರ ಹೊತ್ತಿಗೆ ಹೊಸ ಫ್ರಿಜ್ ಒಂದರ ಸರಾಸರಿ ಸುಮಾರು 1,800 ಯೂನಿಟ್‌ಗೆ ಏರಿತ್ತು. ಗಾತ್ರ ಹೆಚ್ಚಿದ್ದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ತಯಾರಕರು ಅಗ್ಗದ ಮೋಟರ್ ಹಾಕಿದರು. ಒಳಗೆ ಜಾಗ ಹೆಚ್ಚು ಕಾಣಲೆಂದು ಗೋಡೆಯ ಶಾಖನಿರೋಧಕ ಪದರವನ್ನು ತೆಳುವಾಗಿಸಿದರು. ಗೋಡೆ ತೆಳುವಾದ್ದರಿಂದ ಬಾಗಿಲಿನ ಅಂಚು ತಣ್ಣಗಾಗಿ ಹೊರಗೆ ನೀರಹನಿ ಕಟ್ಟತೊಡಗಿತು. ಅದನ್ನು ಒಣಗಿಸಲು ಬಾಗಿಲ ಚೌಕಟ್ಟಿನಲ್ಲಿ ಒಂದು ಪುಟ್ಟ ಹೀಟರ್ ಇಟ್ಟರು! ತಣ್ಣಗಿಡುವ ಪೆಟ್ಟಿಗೆಗೆ ಹಗಲೂ ರಾತ್ರಿ ಶಾಖ ಕೊಡುವ ತಂತಿ. ಬಿಲ್ಲು ಕಟ್ಟುವವನಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ರೋಸೆನ್‌ಫೆಲ್ಡ್ ಅವರ ಬಳಿ ಡೇವಿಡ್ ಗೋಲ್ಡ್‌ಸ್ಟೈನ್ ಎಂಬ ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿ ಇದ್ದರು. ಇಬ್ಬರೂ ಸೇರಿ ಮಾರುಕಟ್ಟೆಯಲ್ಲಿದ್ದ ಫ್ರಿಜ್‌ಗಳ ಬೆಲೆಯನ್ನೂ ವಿದ್ಯುತ್ ಬಳಕೆಯನ್ನೂ ಒಂದು ನಕ್ಷೆಯಲ್ಲಿ ಗುರುತು ಹಾಕಿ ನೋಡಿದರು. ಕಡಿಮೆ ವಿದ್ಯುತ್ ಬಳಸುವ ಫ್ರಿಜ್‌ಗೆ ಬೆಲೆ ಹೆಚ್ಚಿರಬೇಕು ಎನ್ನುವುದು ಯಾರಾದರೂ ಮಾಡುವ ಊಹೆ. ನಕ್ಷೆಯಲ್ಲಿ ಅಂಥ ಸಂಬಂಧವೇ ಕಾಣಲಿಲ್ಲ. ಒಂದೇ ಗಾತ್ರ, ಒಂದೇ ಸೌಲಭ್ಯ, ಒಂದೇ ಬೆಲೆಯ ಎರಡು ಫ್ರಿಜ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ ಬಹಳ ಹೆಚ್ಚು ವಿದ್ಯುತ್ ನುಂಗುತ್ತಿತ್ತು. ಅಂದಮೇಲೆ ಅತಿ ಹೆಚ್ಚು ನುಂಗುವವನ್ನು ಮಾರಾಟದಿಂದ ತೆಗೆದರೆ ಗ್ರಾಹಕನಿಗೆ ನಷ್ಟವೇನೂ ಇಲ್ಲ.

ಅದೇ ಕಾಲಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸನ್‌ಡೆಸರ್ಟ್ ಎಂಬ ಅಣುಸ್ಥಾವರದ ಪ್ರಸ್ತಾಪವಿತ್ತು. ಅಷ್ಟೇ ವಿದ್ಯುತ್ತನ್ನು ಬರೀ ಫ್ರಿಜ್‌ಗಳ ಗುಣಮಟ್ಟ ಹೆಚ್ಚಿಸಿ ಉಳಿಸಬಹುದು ಎಂದು ರೋಸೆನ್‌ಫೆಲ್ಡ್ ಅಂದಿನ ಗವರ್ನರ್ ಜೆರ್ರಿ ಬ್ರೌನ್ ಅವರಿಗೆ ಲೆಕ್ಕ ಒಪ್ಪಿಸಿದರು. ಬ್ರೌನ್ ಆ ಲೆಕ್ಕವನ್ನು ಇಂಧನ ಆಯೋಗದವರ ಬಳಿ ಕೇಳಿ ಖಚಿತಪಡಿಸಿಕೊಂಡರು. ಇಂತಿಷ್ಟಕ್ಕಿಂತ ಹೆಚ್ಚು ವಿದ್ಯುತ್ ಬಳಸಬಾರದು ಎಂದು ರಾಜ್ಯ ಫ್ರಿಜ್‌ಗಳಿಗೆ ಮಾನದಂಡ ತಂದಿತು. ಸನ್‌ಡೆಸರ್ಟ್ 1978ರಲ್ಲಿ ಕೈಬಿಟ್ಟುಹೋಯಿತು. ಅದಕ್ಕೆ ಅಣುತ್ಯಾಜ್ಯದ ಬಗೆಗಿನ ರಾಜ್ಯದ ಕಾನೂನೂ ಕಾರಣ, ಫ್ರಿಜ್ ಒಂದೇ ಅಲ್ಲ. 1987ರಲ್ಲಿ ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾನೂನು ಬಂತು. 1990, 1993, 2001ರಲ್ಲಿ ಮಾನದಂಡಗಳು ಬಿಗಿಯಾಗುತ್ತ ಹೋದವು. 2001ರ ಫ್ರಿಜ್ ವರ್ಷಕ್ಕೆ ಸುಮಾರು 500 ಯೂನಿಟ್‌ಗೆ ಇಳಿದಿತ್ತು. ಗಾತ್ರ ಮೊದಲಿಗಿಂತ ದೊಡ್ಡದಾಗಿತ್ತು, ಹಣದುಬ್ಬರ ಕಳೆದು ನೋಡಿದರೆ ಬೆಲೆಯೂ ಇಳಿದಿತ್ತು.

ಪ್ರಯೋಗಾಲಯದಲ್ಲಿ ಕಂಡುಹಿಡಿದದ್ದೇನು?

ಮೂರು ಮುಖ್ಯ. ಒಂದು, ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕ್. ಹಳೆಯ ಚೋಕ್ ಎಂದರೆ ತಾಮ್ರದ ತಂತಿ ಸುತ್ತಿದ ಕಬ್ಬಿಣದ ಗಟ್ಟಿ, ಗುಂಯ್‌ಗುಡುತ್ತ ಬಿಸಿಯಾಗುತ್ತಿತ್ತು. ಸೆಕೆಂಡಿಗೆ 60 ಸಲದ ಬದಲು 20 ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ ಕೊಟ್ಟರೆ ಅದೇ ಟ್ಯೂಬು ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಬೆಳಕು ಕೊಡುತ್ತದೆ, ಮಿನುಗುವುದೂ ಇಲ್ಲ. ದೊಡ್ಡ ತಯಾರಕರು ಆಸಕ್ತಿ ತೋರದಿದ್ದಾಗ ಸ್ಯಾಮ್ ಬರ್ಮನ್ ನೇತೃತ್ವದ ತಂಡ ಸಣ್ಣ ಕಂಪನಿಗಳ ಜೊತೆ ಕೆಲಸ ಮಾಡಿತು. ಆ ಚೋಕನ್ನೇ ಚಿಕ್ಕದು ಮಾಡಿ ಬುಡದಲ್ಲಿ ಅಡಗಿಸಿದಾಗ ನಮ್ಮ ಮನೆಗಳಿಗೆ ಬಂದ ಸಿಎಫ್‌ಎಲ್ ಬಲ್ಬು ಸಾಧ್ಯವಾಯಿತು.

ಎರಡನೆಯದು, ಶಾಖವನ್ನು ಹಿಂದಕ್ಕೆ ಕಳಿಸುವ ಅತಿ ತೆಳುವಾದ ಲೇಪವಿರುವ ಕಿಟಕಿ ಗಾಜು. ಇದರಲ್ಲಿ ಸ್ಟೀಫನ್ ಸೆಲ್ಕೊವಿಟ್ಸ್ ಅವರ ಪಾಲು ದೊಡ್ಡದು. ಮೂರನೆಯದು, ಕಟ್ಟಡ ಕಟ್ಟುವ ಮೊದಲೇ ಅದು ವರ್ಷದ 8,760 ಗಂಟೆಗಳಲ್ಲಿ ಎಷ್ಟೆಷ್ಟು ಶಕ್ತಿ ಬಳಸುತ್ತದೆ ಎಂದು ಲೆಕ್ಕ ಹಾಕುವ ಡಿಒಇ-2 ಎಂಬ ಕಂಪ್ಯೂಟರ್ ಕ್ರಮವಿಧಿ. ಕ್ಯಾಲಿಫೋರ್ನಿಯಾದ 1978ರ ಕಟ್ಟಡ ಸಂಹಿತೆಯಂಥ ನಿಯಮಗಳಿಗೆ ಇಂಥ ಲೆಕ್ಕವೇ ಆಧಾರ. ಬಬಲ್ ಚೇಂಬರಿನ ಫೋಟೊಗಳನ್ನು ಕಂಪ್ಯೂಟರಿಗೆ ಉಣಿಸಿದವರಿಗೆ ಕಟ್ಟಡ ಕಷ್ಟವೇನಾಗಿರಲಿಲ್ಲ.

ಉಳಿಸಿದ ವಿದ್ಯುತ್ತಿಗೆ ಬೆಲೆ ಕಟ್ಟುವುದು ಹೇಗೆ?

ಇದು ಅವರ ಮತ್ತು ಅಲನ್ ಮೈಯರ್ ಮೊದಲಾದ ಸಹೋದ್ಯೋಗಿಗಳ ದೊಡ್ಡ ಕೊಡುಗೆ ಎಂದು ನನ್ನ ಎಣಿಕೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಒಂದು ಉದಾಹರಣೆ ನೋಡಿ. ಒಂದು ಒಳ್ಳೆಯ ಫ್ಯಾನ್‌ಗೆ ಸಾಧಾರಣ ಫ್ಯಾನ್‌ಗಿಂತ ಸಾವಿರ ರೂಪಾಯಿ ಹೆಚ್ಚು, ಅದು ಹತ್ತು ವರ್ಷ ಬಾಳುತ್ತದೆ, ವರ್ಷಕ್ಕೆ 100 ಯೂನಿಟ್ ಉಳಿಸುತ್ತದೆ ಎನ್ನಿ. ಬಡ್ಡಿಯನ್ನು ಪಕ್ಕಕ್ಕಿಟ್ಟರೆ ಸಾವಿರ ಯೂನಿಟ್ ಉಳಿಸಲು ಸಾವಿರ ರೂಪಾಯಿ, ಅಂದರೆ ಯೂನಿಟ್ಟಿಗೆ ಒಂದು ರೂಪಾಯಿ. ಹೊಸ ಸ್ಥಾವರ ಕಟ್ಟಿ ತರುವ ವಿದ್ಯುತ್ತಿಗೆ ಯೂನಿಟ್ಟಿಗೆ ಐದು ರೂಪಾಯಿ ಬೀಳುವುದಾದರೆ ಯಾವುದನ್ನು ಮೊದಲು ಮಾಡಬೇಕು? ಹೀಗೆ ಪ್ರತಿ ಉಪಾಯಕ್ಕೂ ಬೆಲೆ ಕಟ್ಟಿ, ಅಗ್ಗದಿಂದ ದುಬಾರಿಯವರೆಗೆ ಸಾಲಾಗಿ ಜೋಡಿಸಿದರೆ ಅದೂ ಒಂದು ಗಣಿಯೇ, ಅದರಿಂದ ಎಷ್ಟು ಯೂನಿಟ್ ಯಾವ ದರಕ್ಕೆ ಸಿಗುತ್ತದೆ ಎಂದು ಹೇಳಬಹುದು. ಸ್ಥಾವರ ಕಟ್ಟುವವರ ಭಾಷೆಯಲ್ಲೇ ಅವರೊಡನೆ ವಾದಿಸಲು ಇದರಿಂದ ಸಾಧ್ಯವಾಯಿತು.

ವಿದ್ಯುತ್ ಕಂಪನಿಗಳು ಇದಕ್ಕೆ ಒಪ್ಪಿದ್ದಾದರೂ ಹೇಗೆ?

ಸುಲಭವಾಗಿ ಒಪ್ಪಲಿಲ್ಲ. ಹಾಲು ಮಾರುವವನಿಗೆ ‘ಜನ ಹಾಲು ಕಡಿಮೆ ಕುಡಿಯುವಂತೆ ಮಾಡು’ ಎಂದರೆ ಅವನು ಏನು ಹೇಳುತ್ತಾನೋ ಅವರೂ ಅದನ್ನೇ ಹೇಳುತ್ತಿದ್ದರು. ವಿದ್ಯುತ್, ಅನಿಲದ ದರ ನಿಗದಿ ಮಾಡುವ ಕ್ಯಾಲಿಫೋರ್ನಿಯಾದ ನಿಯಂತ್ರಣ ಆಯೋಗ ಇದಕ್ಕೊಂದು ದಾರಿ ಹುಡುಕಿತು. ಕಂಪನಿಗೆ ವರ್ಷಕ್ಕೆ ಇಂತಿಷ್ಟು ಆದಾಯ ಎಂದು ಮೊದಲೇ ನಿಗದಿ ಮಾಡುವುದು. ಅಂದಾಜಿಗಿಂತ ಹೆಚ್ಚು ಮಾರಿದರೆ ಹೆಚ್ಚುವರಿ ಹಣ ಗ್ರಾಹಕರಿಗೆ ವಾಪಸ್, ಕಡಿಮೆ ಮಾರಿದರೆ ಮುಂದಿನ ದರದಲ್ಲಿ ಭರ್ತಿ. ಅನಿಲಕ್ಕೆ 1978ರಿಂದ, ವಿದ್ಯುತ್ತಿಗೆ 1982ರಿಂದ ಇದು ಜಾರಿಗೆ ಬಂತು. ಇದು ರೋಸೆನ್‌ಫೆಲ್ಡ್ ಒಬ್ಬರ ಕಲ್ಪನೆಯಲ್ಲ. ಆದರೆ ಇದಿಲ್ಲದೆ ಅವರ ಲೆಕ್ಕಗಳು ಕಾಗದದಲ್ಲೇ ಉಳಿಯುತ್ತಿದ್ದವು.

ಸರ್ಕಾರದ ಹುದ್ದೆಗೆ ಬಂದದ್ದು ಯಾವಾಗ?

1994ರಿಂದ 1999ರವರೆಗೆ ವಾಷಿಂಗ್ಟನ್ನಿನ ಇಂಧನ ಇಲಾಖೆಯಲ್ಲಿ ಹಿರಿಯ ಸಲಹೆಗಾರರಾಗಿದ್ದರು. 2000ದಲ್ಲಿ ಗವರ್ನರ್ ಗ್ರೇ ಡೇವಿಸ್ ಅವರನ್ನು ಕ್ಯಾಲಿಫೋರ್ನಿಯಾ ಇಂಧನ ಆಯೋಗಕ್ಕೆ ನೇಮಿಸಿದರು. 2005ರಲ್ಲಿ ಎದುರು ಪಕ್ಷದ ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮತ್ತೊಂದು ಅವಧಿಗೆ ಮುಂದುವರಿಸಿದರು. 2010ರ ಜನವರಿಯಲ್ಲಿ ಇಳಿದಾಗ ಅವರಿಗೆ 83 ವರ್ಷ.

ಈ ಆಯೋಗ 1974ರ ಕಾನೂನಿನಿಂದ ಹುಟ್ಟಿದ್ದು, ಅದಕ್ಕೆ ಸಹಿ ಹಾಕಿದವರು ಅಂದಿನ ಗವರ್ನರ್ ರೊನಾಲ್ಡ್ ರೇಗನ್. ಐವರು ಸದಸ್ಯರಲ್ಲಿ ಒಬ್ಬರು ಎಂಜಿನಿಯರಿಂಗ್ ಅಥವಾ ಭೌತವಿಜ್ಞಾನಗಳ ಹಿನ್ನೆಲೆಯವರೇ ಆಗಿರಬೇಕು ಎಂದು ಕಾನೂನಿನಲ್ಲೇ ಬರೆದಿದೆ. ಕುರ್ಚಿ ಹಂಚುವಾಗ ಇಂಥ ಒಂದು ಸಾಲು ನಮ್ಮಲ್ಲೂ ಇನ್ನಷ್ಟು ಕಡೆ ಇದ್ದಿದ್ದರೆ ಎಂದು ಆಸೆಯಾಗುತ್ತದೆ.

ಅವರು ಸೇರಿದ ಬೆನ್ನಿಗೇ ರಾಜ್ಯದಲ್ಲಿ 2000–01ರ ವಿದ್ಯುತ್ ಬಿಕ್ಕಟ್ಟು ಎದ್ದಿತು. ಸಗಟು ದರ ಗಗನಕ್ಕೇರಿ, ಸರದಿಯ ಮೇಲೆ ವಿದ್ಯುತ್ ಕಡಿತವೂ ಆಯಿತು. ಬೇಡಿಕೆ ಉತ್ತುಂಗದಲ್ಲಿರುವ ಗಂಟೆಗಳಲ್ಲಿ ದರ ಹೆಚ್ಚಿರಬೇಕು, ಅದಕ್ಕೆ ಗಂಟೆಗಂಟೆಯ ಬಳಕೆ ದಾಖಲಿಸುವ ಮೀಟರ್ ಬೇಕು ಎಂದು ಅವರು ಹಟ ಹಿಡಿದದ್ದು ಆಗಲೇ. 2009ರ ನವೆಂಬರ್‌ನಲ್ಲಿ, ಹೊರಡುವ ಮುಂಚೆ, ಉದ್ಯಮದವರ ವಿರೋಧದ ನಡುವೆಯೇ ಟಿ.ವಿ.ಗಳಿಗೆ ಮಾನದಂಡ ತಂದರು.

‘ರೋಸೆನ್‌ಫೆಲ್ಡ್ ಪರಿಣಾಮ’ ಎನ್ನುತ್ತಾರಲ್ಲ, ಅದು ನಿಜವೇ, ಹೊಗಳಿಕೆಯೇ?

ಎರಡೂ ಸ್ವಲ್ಪ ಸ್ವಲ್ಪ. ಸಂಗತಿ ಇಷ್ಟು: 1970ರ ದಶಕದ ನಡುಭಾಗದಿಂದ ಕ್ಯಾಲಿಫೋರ್ನಿಯಾದಲ್ಲಿ ತಲಾ ವಿದ್ಯುತ್ ಬಳಕೆ ವರ್ಷಕ್ಕೆ ಸುಮಾರು 7,000 ಯೂನಿಟ್‌ನಲ್ಲೇ ನಿಂತುಬಿಟ್ಟಿತು. ಅದೇ ಅವಧಿಯಲ್ಲಿ ಇಡೀ ಅಮೆರಿಕದ ಸರಾಸರಿ ಸುಮಾರು 8,000ದಿಂದ 12,000ಕ್ಕೆ ಏರಿತು. ಒಂದು ಗೆರೆ ಮಲಗಿದೆ, ಇನ್ನೊಂದು ಮೇಲೇರಿದೆ. ಈ ನಕ್ಷೆಯನ್ನು ತೋರಿಸಿ ‘ಇದೆಲ್ಲ ನಮ್ಮ ನೀತಿಯ ಫಲ’ ಎಂದು ಹೇಳುವುದು ರಾಜಕಾರಣಿಗಳಿಗೆ ಬಹಳ ಇಷ್ಟ.

ಆದರೆ ಕ್ಯಾಲಿಫೋರ್ನಿಯಾದ ಕರಾವಳಿಯ ಹವೆ ಹಿತವಾದದ್ದು. ಅಲ್ಲಿ ವಿದ್ಯುತ್ ದರ ಹೆಚ್ಚು. ವಿದ್ಯುತ್ ನುಂಗುವ ಭಾರೀ ಕೈಗಾರಿಕೆ ಕಡಿಮೆ. ಒಂದು ಮನೆಯಲ್ಲಿ ವಾಸಿಸುವವರ ಸಂಖ್ಯೆ ಹೆಚ್ಚು. 2008ರಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಅನಂತ್ ಸುದರ್ಶನ್ ಮತ್ತು ಜೇಮ್ಸ್ ಸ್ವೀನಿ ಈ ಕಾರಣಗಳನ್ನೆಲ್ಲ ಬಿಡಿಸಿ ನೋಡಿ, ಎರಡು ಗೆರೆಗಳ ನಡುವಿನ ಅಂತರದಲ್ಲಿ ನೀತಿಯ ಪಾಲು ಹೆಚ್ಚೆಂದರೆ ಕಾಲುಭಾಗದಷ್ಟು ಎಂದರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆರಿಕ್ ಲೆವಿನ್‌ಸನ್ ಇನ್ನೂ ಕಟು. ಕಟ್ಟಡ ಸಂಹಿತೆ ಬಂದ ನಂತರದ ಮನೆಗಳು ಹಳೆಯ ಮನೆಗಳಿಗಿಂತ ಕಡಿಮೆ ವಿದ್ಯುತ್ ಬಳಸುತ್ತಿವೆ ಎನ್ನಲು ತಕ್ಕ ಪುರಾವೆ ಇಲ್ಲ ಎಂಬುದು ಅವರ ತೀರ್ಮಾನ.

ನನ್ನ ಮಟ್ಟಿಗೆ ಹೇಳುವುದಾದರೆ, ನಕ್ಷೆಯ ಗೆರೆಯನ್ನು ನೆಚ್ಚಿಕೊಂಡವರಿಗೆ ಈ ಟೀಕೆ ಸರಿಯಾಗಿಯೇ ತಗಲುತ್ತದೆ. ಫ್ರಿಜ್‌ನ ಲೆಕ್ಕಕ್ಕೆ ತಗಲುವುದಿಲ್ಲ. ಅಲ್ಲಿ ಹೋಲಿಸಿದ್ದು ರಾಜ್ಯ ರಾಜ್ಯಗಳನ್ನಲ್ಲ, ಯಂತ್ರ ಯಂತ್ರಗಳನ್ನು. 1,800 ಎಲ್ಲಿ, 500 ಎಲ್ಲಿ?

ದಕ್ಷತೆ ಹೆಚ್ಚಿದರೆ ಜನ ಇನ್ನಷ್ಟು ಬಳಸುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಹೌದು. ಎ.ಸಿ.ಯ ಖರ್ಚು ಇಳಿದರೆ ಇನ್ನೊಂದು ಗಂಟೆ ಹಾಕಿಕೊಳ್ಳುತ್ತಾರೆ. ಫ್ರಿಜ್ ವಿಷಯದಲ್ಲಿ ಇದು ಬಹಳ ಕಡಿಮೆ, ಅದು ಹೇಗೂ ಇಪ್ಪತ್ನಾಲ್ಕು ಗಂಟೆ ನಡೆಯುವ ಯಂತ್ರ. ಬಡವರ ಮನೆಯಲ್ಲಿ ಹೀಗೆ ಬಳಕೆ ಹೆಚ್ಚಿದರೆ ಅದನ್ನು ನಷ್ಟ ಎಂದು ಬರೆಯುವುದೇ ತಪ್ಪು.

ಬಿಳಿ ಛಾವಣಿಯ ವಿಚಾರ ಎಲ್ಲಿಂದ ಬಂತು?

ಗಾಢ ಬಣ್ಣದ ಛಾವಣಿ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ, ಬಿಳಿಯದು ಬಹುಪಾಲನ್ನು ಹಿಂದಿರುಗಿಸುತ್ತದೆ. ತಾರಸಿಗೆ ಸುಣ್ಣ ಬಳಿಯುವ ನಮ್ಮ ಕಡೆಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ರೋಸೆನ್‌ಫೆಲ್ಡ್, ಹಶೆಮ್ ಅಕ್ಬರಿ ಮತ್ತಿತರರು ಮಾಡಿದ್ದು ಅದರ ಅಳತೆ: ಎಷ್ಟು ಎ.ಸಿ. ಖರ್ಚು ಉಳಿಯುತ್ತದೆ, ಇಡೀ ನಗರವೇ ಬಿಳಿಯಾದರೆ ಬಿಸಿ ಎಷ್ಟು ಇಳಿಯುತ್ತದೆ. 2005ರಿಂದ ಕ್ಯಾಲಿಫೋರ್ನಿಯಾದಲ್ಲಿ ಚಪ್ಪಟೆ ಛಾವಣಿಯ ವಾಣಿಜ್ಯ ಕಟ್ಟಡಗಳಿಗೆ ಇದು ನಿಯಮವಾಯಿತು. ಜಗತ್ತಿನ ನಗರಗಳ ಛಾವಣಿ, ರಸ್ತೆಗಳನ್ನೆಲ್ಲ ತಿಳಿಬಣ್ಣಕ್ಕೆ ತಿರುಗಿಸಿದರೆ 4,400 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ತಡೆದುದಕ್ಕೆ ಸಮ ಎಂಬ ಅವರ ಅಂದಾಜು ದೊಡ್ಡ ಸುದ್ದಿಯಾಯಿತು. ಅದನ್ನು ಅಂದಾಜೆಂದೇ ಓದಬೇಕು.

ಅವರ ಹೆಸರಿನಲ್ಲಿ ಒಂದು ಅಳತೆಯ ಮಾನವೂ ಇದೆಯಂತೆ?

ಇದೆ. 2010ರಲ್ಲಿ ಜೊನಾಥನ್ ಕೂಮಿ ಮತ್ತು ಐವತ್ತಕ್ಕೂ ಹೆಚ್ಚು ಸಂಶೋಧಕರು ಸೇರಿ ಇದನ್ನು ಸೂಚಿಸಿದರು. ಒಂದು ‘ರೋಸೆನ್‌ಫೆಲ್ಡ್’ ಎಂದರೆ ವರ್ಷಕ್ಕೆ 300 ಕೋಟಿ ಯೂನಿಟ್ ಉಳಿತಾಯ. 500 ಮೆಗಾವಾಟ್‌ನ ಒಂದು ಕಲ್ಲಿದ್ದಲು ಸ್ಥಾವರದಿಂದ ಗ್ರಾಹಕರಿಗೆ ವರ್ಷಕ್ಕೆ ಮುಟ್ಟುವ ವಿದ್ಯುತ್ ಹೆಚ್ಚುಕಡಿಮೆ ಇಷ್ಟೇ. ಅಮೆರಿಕದಲ್ಲಿ 15 ಕೋಟಿ ಫ್ರಿಜ್ ಮತ್ತು ಫ್ರೀಜರುಗಳಿವೆ, ಒಂದೊಂದೂ 1,300 ಯೂನಿಟ್ ಉಳಿಸುತ್ತದೆ ಎಂದು ಹಿಡಿದರೆ 19,500 ಕೋಟಿ ಯೂನಿಟ್. ಅಂದರೆ 65 ರೋಸೆನ್‌ಫೆಲ್ಡ್, 65 ಸ್ಥಾವರ. ಕಟ್ಟಿದ ಸ್ಥಾವರಕ್ಕೆ ಉದ್ಘಾಟನೆ, ಶಿಲಾಫಲಕ ಇರುತ್ತವೆ. ಕಟ್ಟದೆ ಉಳಿದ 65ನ್ನು ಯಾರೂ ನೋಡುವುದಿಲ್ಲ, ಆದ್ದರಿಂದಲೇ ಈ ಮಾನ ಬೇಕಾಯಿತು.

ಪ್ರಶಸ್ತಿಗಳು?

ಗುರುವಿನ ಹೆಸರಿನ ಎನ್ರಿಕೊ ಫರ್ಮಿ ಪ್ರಶಸ್ತಿ, 1986ರಲ್ಲಿ ಸಿಲಾರ್ಡ್ ಪ್ರಶಸ್ತಿ, 2011ರಲ್ಲಿ ರಷ್ಯಾದ ಗ್ಲೋಬಲ್ ಎನರ್ಜಿ ಪ್ರಶಸ್ತಿ. ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ಅಧ್ಯಕ್ಷ ಒಬಾಮ 2013ರಲ್ಲಿ ಕೊರಳಿಗೆ ಹಾಕಿದರು.

ಭಾರತಕ್ಕೆ, ಕರ್ನಾಟಕಕ್ಕೆ ಇದರ ನಂಟು ಏನಾದರೂ ಇದೆಯೇ?

ರೋಸೆನ್‌ಫೆಲ್ಡ್ ಬಳಿ ಬೆಳೆದ ಭೌತವಿಜ್ಞಾನಿಗಳಲ್ಲಿ ಅಶೋಕ್ ಗಾಡ್ಗೀಳ್ ಒಬ್ಬರು. ಮುಂಬಯಿಯಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿ ಬರ್ಕ್ಲಿಗೆ ಹೋದವರು. ಅತಿನೇರಳೆ ಕಿರಣದಿಂದ ಕುಡಿಯುವ ನೀರು ಶುದ್ಧಿ ಮಾಡುವ ಅಗ್ಗದ ಉಪಕರಣಕ್ಕೆ ಅವರು ಹೆಸರಾಗಿದ್ದಾರೆ.

ಕರ್ನಾಟಕದ ಮಟ್ಟಿಗೆ ಹೇಳಬೇಕಾದ ಹೆಸರು ಅಮೂಲ್ಯ ರೆಡ್ಡಿ ಅವರದು. ಅವರು ರೋಸೆನ್‌ಫೆಲ್ಡ್ ಶಿಷ್ಯರೂ ಅಲ್ಲ, ಭೌತವಿಜ್ಞಾನಿಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್‌ರಸಾಯನ ವಿಜ್ಞಾನಿ. ಆದರೆ ಅದೇ ಪ್ರಶ್ನೆಯನ್ನು ತಮ್ಮದೇ ದಾರಿಯಲ್ಲಿ ಕೇಳಿದವರು. 1980ರ ದಶಕದ ಕೊನೆಗೆ ಕರ್ನಾಟಕದ ವಿದ್ಯುತ್ ಯೋಜಕರು 2000ದ ಹೊತ್ತಿಗೆ ಭಾರೀ ಪ್ರಮಾಣದ ಹೊಸ ಸ್ಥಾವರಗಳು ಬೇಕೆಂದು ದೀರ್ಘಾವಧಿ ಯೋಜನೆ ಮಾಡಿದ್ದರು. ರೆಡ್ಡಿ ಮತ್ತು ಸಂಗಡಿಗರು, ಜನರಿಗೆ ನಿಜಕ್ಕೂ ಯಾವ ಕೆಲಸಕ್ಕೆ ಎಷ್ಟು ವಿದ್ಯುತ್ ಬೇಕು ಎಂದು ಕೆಳಗಿನಿಂದ ಲೆಕ್ಕ ಹಾಕುತ್ತ ಬಂದರು. ಎಲ್ಲ ಮನೆಗೂ ಸಂಪರ್ಕ ಕೊಟ್ಟು, ಪಂಪ್‌ಸೆಟ್ಟು, ದೀಪಗಳನ್ನು ಸುಧಾರಿಸಿದರೆ ಆ ಯೋಜನೆ ಹೇಳಿದ್ದರ ಸುಮಾರು ಐದರಲ್ಲಿ ಎರಡು ಪಾಲು ಸಾಕು ಎಂಬುದು ಅವರ ಉತ್ತರ. ಡಿಫೆಂಡಸ್ ಎಂಬ ಆ ಚಿತ್ರಣ 1991ರಲ್ಲಿ ಪ್ರಕಟವಾಯಿತು. ರೆಡ್ಡಿಯವರ ಜಾಗತಿಕ ಸಂಗಡಿಗರಲ್ಲಿ ಬ್ರೆಜಿಲ್‌ನ ಜೋಸೆ ಗೋಲ್ಡೆಂಬರ್ಗ್ ಇದ್ದರು. ಅವರು ಬೀಜ ಭೌತವಿಜ್ಞಾನಿ, ಮುಂದೆ ತಮ್ಮ ದೇಶದಲ್ಲಿ ಸಚಿವರೂ ಆದರು. ಇವರಿಬ್ಬರಿಗೂ, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಅವರಿಗೂ ಸೇರಿಸಿ 2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿ ಬಂತು.

ಮುಂದೆ ಬೆಸ್ಕಾಂ 2004–05ರಲ್ಲಿ ಬೆಂಗಳೂರಿನ ಗ್ರಾಹಕರಿಗೆ ಸಿಎಫ್‌ಎಲ್ ಬಲ್ಬು ಕೊಟ್ಟು, ಹಣವನ್ನು ತಿಂಗಳ ಬಿಲ್ಲಿನಲ್ಲೇ ಕಂತಾಗಿ ಕಟ್ಟುವ ಅವಕಾಶ ಮಾಡಿತು. 2015ರಲ್ಲಿ ದೇಶದಾದ್ಯಂತ ಉಜಾಲಾ ಯೋಜನೆಯಡಿ ಎಲ್‌ಇಡಿ ಬಲ್ಬುಗಳು ಬಂದವು, ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರಿಟ್ಟರು. 2014ರಲ್ಲಿ 300 ರೂಪಾಯಿಯ ಆಸುಪಾಸಿನಲ್ಲಿದ್ದ ಬಲ್ಬಿನ ಸಗಟು ಖರೀದಿ ದರ ಮೂರೇ ವರ್ಷದೊಳಗೆ 40ರ ಆಸುಪಾಸಿಗೆ ಬಿತ್ತು.

ಭೌತವಿಜ್ಞಾನ ಓದುತ್ತಿದ್ದೇನೆ. ಈ ದಾರಿ ನನಗೂ ತೆರೆದಿದೆಯೇ?

ತೆರೆದಿದೆ, ನಡೆದವರೂ ಹಲವರಿದ್ದಾರೆ. ಸ್ಟೀವನ್ ಚು ನೊಬೆಲ್ ಪಡೆದ ಮೇಲೆ ಬರ್ಕ್ಲಿ ಪ್ರಯೋಗಾಲಯದ ನಿರ್ದೇಶಕರಾಗಿ, ಅಲ್ಲಿಂದ ಅಮೆರಿಕದ ಇಂಧನ ಸಚಿವರಾದರು. ಅವರ ನಂತರ ಆ ಹುದ್ದೆಗೆ ಬಂದ ಅರ್ನೆಸ್ಟ್ ಮೊನೀಜ್ ಕೂಡ ಭೌತವಿಜ್ಞಾನಿ. ಬ್ರಿಟನ್ನಿನಲ್ಲಿ ಡೇವಿಡ್ ಮೆಕೇ ಇಂಧನ ಇಲಾಖೆಯ ಮುಖ್ಯ ವಿಜ್ಞಾನ ಸಲಹೆಗಾರರಾಗಿದ್ದರು.

ಆದರೆ ಸಮೀಕರಣ ಬಿಡಿಸಲು ಬಂದರೆ ನೀತಿ ರೂಪಿಸಲೂ ಬರುತ್ತದೆ ಎಂದುಕೊಂಡು ಹೊರಡಬೇಡಿ. ರೋಸೆನ್‌ಫೆಲ್ಡ್ ಆಯೋಗದ ಕುರ್ಚಿಯಲ್ಲಿ ಕೂರುವ ಮೊದಲು ಕಾಲು ಶತಮಾನ ಚೋಕ್ ಬಿಚ್ಚಿ, ಕಿಟಕಿ ಅಳೆದು, ವಿಚಾರಣೆಗಳಲ್ಲಿ ಸಾಕ್ಷಿ ನುಡಿದಿದ್ದರು. ದರ ನಿಗದಿಯ ಆದೇಶ ಓದುವುದನ್ನು ಕಲಿಯಿರಿ. ನಿಮ್ಮ ವಿದ್ಯುತ್ ಸರಬರಾಜು ಕಂಪನಿಯ ದರ ಪರಿಷ್ಕರಣೆಯ ಅರ್ಜಿಯ ಮೇಲೆ ನಿಯಂತ್ರಣ ಆಯೋಗ ಪ್ರತಿ ಬಾರಿಯೂ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಹೋಗಿ ಒಂದು ದಿನ ಕುಳಿತು ಬನ್ನಿ.

ಹೊಸ ಫ್ರಿಜ್ ಕೊಳ್ಳಲು ಹೊರಟಿದ್ದೇನೆ. ಇದರಿಂದ ನನಗೇನಾದರೂ ಉಪಯೋಗ ಉಂಟೇ?

ಉಂಟು. ನಮ್ಮಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ, ನಕ್ಷತ್ರದ ಚೀಟಿ ಆರಂಭವಾದದ್ದು 2006ರಲ್ಲಿ. ಫ್ರಿಜ್‌ನ ಬಾಗಿಲಿಗೆ ಅಂಟಿಸಿದ ಆ ಚೀಟಿಯಲ್ಲಿ ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ. ಕೆಳಗೆ ಚಿಕ್ಕದಾಗಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ, ಅದನ್ನು ಓದಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಚೀಟಿಯ ಐದು ನಕ್ಷತ್ರ ಹೊಸ ಚೀಟಿಯ ಮೂರಕ್ಕೋ ನಾಲ್ಕಕ್ಕೋ ಸಮವಾಗಿರಬಹುದು, ಹಾಗಾಗಿ ಚೀಟಿ ಯಾವ ಅವಧಿಯದೆಂದೂ ನೋಡಿ. ಒಂದೇ ಗಾತ್ರದ ಎರಡು ಫ್ರಿಜ್‌ಗಳ ಯೂನಿಟ್ ಅಂಕಿಗಳ ವ್ಯತ್ಯಾಸವನ್ನು ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ, ಆಮೇಲೆ ಹತ್ತರಿಂದ ಗುಣಿಸಿ. ಬೆಲೆಯಲ್ಲಿರುವ ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ದುಬಾರಿ ಫ್ರಿಜ್ಜೇ ಅಗ್ಗ.